ಮಗ್ಗದ ಕೈ ಹಗ್ಗ ಹಿಡಿದ ಮಳೆಗಾಲ

ಮೊನ್ನೆ ನಮ್ಮ ಎದುರು ಮನೆಯವರು ಬೋರ್‌ವೆಲ್ಲಿನ ಮೋಟಾರು ಎತ್ತಿಸಿದರು. ಪೈಪಿನ ಜೊತೆ ಮೇಲೆ ಬಂದ ನೈಲಾನ್ ಹಗ್ಗವನ್ನು ನಮ್ಮ ಗೇಟಿನ ಮುಂದೆಯೇ ಸುತ್ತಿ ಗುಡ್ಡೆ ಹಾಕಿದ್ದರು. ಹಾಲಿಗೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ನೆನೆದ ಹಗ್ಗಕ್ಕೊಂದು ವಾಸನೆ ಇರುತ್ತದೆ. ಪಾಚಿ, ಕೆಸರು, ಒಣಗದ ಬಟ್ಟೆ ಎಲ್ಲ ಸೇರಿಸಿದ ಹಾಗೆ. ಸುವಾಸನೆ ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಮೂಗಿಗೆ ಬಡಿದ ಕೂಡಲೇ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಎದುರು ಮನೆಯಾಕೆ, "ಯಾಕ್ರೀ ಭಾಗ್ಯ, ಯಾರ ಮೇಲೆ ಕೋಪ?" ಅಂದರು. ಕೋಪ ಯಾರ ಮೇಲೂ ಇರಲಿಲ್ಲ. ಒಂದು ಮಳೆಗಾಲ ನೆನಪಾಗಿತ್ತು, ಅಷ್ಟೇ.

ಆ ವರ್ಷ ಯುಗಾದಿ ಕಳೆಯುತ್ತಿದ್ದಂತೆ ನಮ್ಮ ಶೆಡ್ಡು ಮುಚ್ಚಿತು. ದೊಡ್ಡಬಳ್ಳಾಪುರದಲ್ಲಿ ಶೆಡ್ಡು ಅಂದರೆ ಪವರ್‌ಲೂಮ್ ಶೆಡ್ಡೇ, ಬೇರೆ ಅರ್ಥವಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಅಲ್ಲಿ ರೇಷ್ಮೆ ಸೀರೆಯ ಮಗ್ಗ ಓಡಿಸಿದವಳು. ಮುಬೀನಾ ಅದೇ ಶೆಡ್ಡಿನ ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಯೇ ಕಂಡಿಕೆ. ಮಗ್ಗಗಳೆಲ್ಲ ಓಡುವಾಗ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸುವುದಿಲ್ಲ. ಹಾಗಾಗಿ ಶೆಡ್ಡಿನ ಹೆಂಗಸರು ತುಟಿಯಲ್ಲೇ ಮಾತಾಡುತ್ತೇವೆ. ದನಿ ಹೊರಡಿಸದೆ ನಾವು ತುಟಿ ಆಡಿಸುವುದು, ಆಚೆಯವಳು ಓದಿಕೊಳ್ಳುವುದು. ಯಾರ ಮನೆಯಲ್ಲಿ ಏನು ಸಾರು, ಯಾರ ಅತ್ತೆ ಯಾರಿಗೆ ಏನಂದರು, ಎಲ್ಲವೂ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಹೀಗೇ ಬರುತ್ತಿತ್ತು. ಶೆಡ್ಡಿನ ಯಜಮಾನರು ನಡುವೆಯೇ ಓಡಾಡುತ್ತಿದ್ದರು, ಪಾಪ, ಅವರನ್ನು ಕುರಿತು ಹೇಳಿದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಅಂಥ ಶೆಡ್ಡು ಒಂದು ದಿನ ತೆಪ್ಪಗಾಯಿತು. ಮಗ್ಗಗಳನ್ನು ಕಬ್ಬಿಣದ ತೂಕಕ್ಕೆ ಹಾಕಿ, ಜಾಗವನ್ನು ಯಾರಿಗೋ ಗೋಡೌನಿಗೆ ಕೊಟ್ಟರು. ನಾನು ಮನೆಯಲ್ಲಿ ಕೂತೆ. ಕೂತು ಅಭ್ಯಾಸವಿಲ್ಲದವಳು ಕೂತರೆ ಏನಾಗುತ್ತದೆ? ಕಂಡಕಂಡವರ ಮೇಲೆ ರೇಗುತ್ತಾಳೆ. ನನ್ನ ಗಂಡ ಗೂಡ್ಸ್ ಆಟೊ ತಗೊಂಡು ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು. ಸಿಕ್ಕವರು ಅತ್ತೆ ಒಬ್ಬರೇ.

ನಮ್ಮ ಬೀದಿಯ ಲೋಕೇಶ ನನಗಿಂತ ತುಂಬಾ ಚಿಕ್ಕವನು. ಬೆಂಗಳೂರಿನಿಂದ ಬರುವವರನ್ನು ಮಾಕಳಿದುರ್ಗದ ಕಡೆ ಕರೆದುಕೊಂಡು ಹೋಗಿ ಬಂಡೆ ಹತ್ತಿಸುವುದು, ಹಗ್ಗದಲ್ಲಿ ಇಳಿಸುವುದು ಅವನ ಕಸುಬು. ಮಳೆಯ ಜೋರು ತಗ್ಗಿದ ಮೇಲೆ ಸಕಲೇಶಪುರದ ಆಚೆ ಘಟ್ಟದ ಕಾಡಿಗೂ ಹೋಗುತ್ತಿದ್ದ. ಅಲ್ಲಿ ಹಳ್ಳ ಹರಿದ ದಾರಿಯಲ್ಲೇ ನಡೆದು, ಈಜಿ, ಜಲಪಾತ ಬಂದಲ್ಲಿ ಹಗ್ಗ ಕಟ್ಟಿ ನೀರಿನೊಳಗೇ ಇಳಿಯುತ್ತಾರೆ. ಅದಕ್ಕೆ ಕ್ಯಾನಿಯನಿಂಗ್ ಅಂತ ಹೆಸರು. ಒಂದು ಸಂಜೆ ನಾನೂ ಮುಬೀನಾಳೂ ಜಗಲಿ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಾಗ ಬಂದು ನಿಂತ.

"ಅಕ್ಕ, ಕೆಲಸ ಇಲ್ಲ ಅಂತ ಕೇಳ್ದೆ. ಭಾನುವಾರ ಭಾನುವಾರ ಬ್ಯಾಚ್ ಬರುತ್ತೆ. ಚಿತ್ರಾನ್ನ, ಕಾಫಿ ಮಾಡ್ಕೊಡ್ತೀಯಾ?"

ನನಗೆ ಎಲ್ಲಿತ್ತೋ ಸಿಟ್ಟು. "ಇಷ್ಟ್ ವರ್ಷ ಮಗ್ಗ ಓಡಿಸಿದೋಳಿಗೆ ಬಂದು ಚಿತ್ರಾನ್ನ ಕಲಸು ಅಂತೀಯಲ್ಲೋ! ಮನೇಲಿ ಕಲಸ್ತಿರೋದು ಸಾಲ್ದಾ? ಯಾಕೆ, ಹಗ್ಗ ಹಿಡಿಯೋಕೆ ನಿಂಗೆ ಹೆಂಗಸರು ಬೇಡ್ವಾ?"

ರೇಗಿ ಆಡಿದ ಮಾತು ಅದು. ಅವನು ನಗಲಿಲ್ಲ. "ಬೇಕು ಅಕ್ಕ. ಬರೋರಲ್ಲಿ ಅರ್ಧ ಜನ ಹುಡ್ಗೀರೇ. ಸೊಂಟದ ಬೆಲ್ಟ್ ನಾನು ಬಿಗಿ ಮಾಡ್ತೀನಿ ಅಂದ್ರೆ ಮುದುಡ್ಕೋತಾರೆ. ಲೇಡಿ ಗೈಡ್ ಇಲ್ವಾ ಅಂತ ಪ್ರತಿ ಸಲ ಕೇಳ್ತಾರೆ."

"ಹಂಗಾದ್ರೆ ನಾನ್ ಬರ್ತೀನಿ" ಅಂದೆ. ಅಂದ ಮೇಲೆ ಏನಂದೆ ಅಂತ ಹೊಳೆಯಿತು. ಆದರೆ ಆಡಿದ್ದಾಗಿತ್ತು.

ಮುಬೀನಾ ಕಾಯಿ ಬಿಡಿಸುತ್ತಲೇ, "ನಾನೂ ಬರ್ತೀನಪ್ಪಾ. ಇವಳು ಬಿದ್ರೆ ಎತ್ಕೊಳ್ಳೋಕೆ ಒಬ್ಬರು ಬೇಕಲ್ಲ" ಅಂದಳು.

ಲೋಕೇಶ ಷರತ್ತು ಹಾಕಿದ. ಮಳೆಗಾಲ ಪೂರ್ತಿ ಬಂಡೆಯ ಮೇಲೆ ಕಲಿಯಬೇಕು. ಗಣೇಶನ ಹಬ್ಬ ಕಳೆದ ಮೇಲೆ ಘಟ್ಟಕ್ಕೆ ಹೋಗುವ ಮೊದಲ ಬ್ಯಾಚಿನ ಜೊತೆ ನಮ್ಮನ್ನೂ ಕರೆದೊಯ್ಯುತ್ತಾನೆ. ಅಲ್ಲಿ ದೊಡ್ಡ ಜಲಪಾತದಲ್ಲಿ ಬಲಗೈ ಬಿಡದೆ ಇಳಿದವರು ಗೈಡ್. "ಆಗ್ಲಿಲ್ಲ ಅಂದ್ರೂ ಬೇಜಾರ್ ಮಾಡ್ಕೋಬೇಡಿ, ಅಡುಗೆ ಕೆಲಸ ಅಂತೂ ಇದ್ದೇ ಇದೆ" ಅಂತ ಸಮಾಧಾನ ಬೇರೆ ಹೇಳಿದ. ಆ ಸಮಾಧಾನವೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಬಲಗೈ ವಿಷಯ ಸ್ವಲ್ಪ ಹೇಳಬೇಕು. ಸೊಂಟಕ್ಕೆ ಕಟ್ಟಿದ ಪಟ್ಟಿಯ ಮುಂದೆ ಒಂದು ಲೋಹದ ಬಳೆ ಇರುತ್ತದೆ. ಮೇಲೆ ಮರಕ್ಕೋ ಬಂಡೆಗೋ ಕಟ್ಟಿದ ಹಗ್ಗ ಅದರೊಳಗೆ ನುಸುಳಿ ಕೆಳಗೆ ಹೋಗುತ್ತದೆ. ಬಳೆಯಿಂದ ಕೆಳಗಿನ ಹಗ್ಗವನ್ನು ಬಲಗೈಯಲ್ಲಿ ಸೊಂಟದ ಬಳಿ ಹಿಡಿದಿರಬೇಕು. ಸಡಿಲ ಮಾಡಿದರೆ ಇಳಿಯುತ್ತೀರಿ, ಬಿಗಿ ಹಿಡಿದರೆ ನಿಲ್ಲುತ್ತೀರಿ, ಬಿಟ್ಟರೆ ಬೀಳುತ್ತೀರಿ. ಇಷ್ಟೇ ವಿದ್ಯೆ. ಕೆಳಗೆ ಇನ್ನೊಬ್ಬರು ಹಗ್ಗದ ತುದಿ ಹಿಡಿದು ನಿಂತಿರುತ್ತಾರೆ. ಇಳಿಯುವವರು ಕೈ ಬಿಟ್ಟರೆ ಅವರು ಹಗ್ಗ ಜಗ್ಗಿ ನಿಲ್ಲಿಸುತ್ತಾರೆ.

ನಮ್ಮ ಕಡೆ ಮಳೆಗಾಲ ಅಂದರೆ ಮಳೆಗಿಂತ ಮೋಡ ಜಾಸ್ತಿ. ಆಷಾಢದ ಗಾಳಿ, ಒಂದಿಷ್ಟು ತುಂತುರು, ಬಂಡೆ ಒದ್ದೆಯಾಗುವಷ್ಟು. ಮಾಕಳಿಯ ಹತ್ತಿರದ ಆ ಬಂಡೆಯ ನೆತ್ತಿಯಲ್ಲಿ ನಿಂತರೆ ಕೆಳಗೆ ರಾಗಿ ಹೊಲ, ರೈಲು ಹಳಿ ಕಾಣುತ್ತಿದ್ದವು. ಮೊದಲ ದಿನ ಮುಬೀನಾ ಇಳಿದಳು. ಚೂಡಿದಾರದ ಮೇಲೆ ಹೆಲ್ಮೆಟ್ಟು ಏರಿಸಿಕೊಂಡು, ಮಹಡಿ ಮೆಟ್ಟಿಲು ಇಳಿಯುವವಳ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಇಳಿದುಬಿಟ್ಟಳು. "ಅರೆ, ಇಷ್ಟೇನಾ!" ಅಂದಳು. ಲೋಕೇಶ ಚಪ್ಪಾಳೆ ಹೊಡೆದ.

ಆಮೇಲೆ ನಾನು. ಅರ್ಧ ಇಳಿಯುವತನಕ ಸರಿಯಾಗಿಯೇ ಇದ್ದೆ. ಕಾಲು ಚೂರು ಜಾರಿತು, ಹಗ್ಗ ಕಣ್ಣ ಮುಂದೆ ಅಲುಗಿ ಸಡಿಲವಾಯಿತು. ಅಷ್ಟೇ, ನನ್ನ ಬಲಗೈ ಸೊಂಟ ಬಿಟ್ಟು ಪಟಕ್ಕನೆ ಮೇಲೆ ಹಾರಿ ಆ ಸಡಿಲವಾದ ಜಾಗ ಹಿಡಿಯಿತು. ಲೋಕೇಶ ಕೆಳಗಿನಿಂದ ಜಗ್ಗದಿದ್ದರೆ ನನ್ನ ಮೂಳೆ ಆರಿಸಬೇಕಾಗಿತ್ತು.

ಹೆದರಿಕೆಯಿಂದ ಹಾಗಾಯಿತು ಅಂತ ಅವನು ತಿಳಿದ. ಹೆದರಿಕೆಯಲ್ಲ. ಮಗ್ಗದ ಮುಂದೆ ನಿಂತವಳಿಗೆ ಕಣ್ಣ ಮುಂದಿನ ಎಳೆ ಸಡಿಲವಾಯಿತು ಅಂದರೆ ಅದು ತುಂಡಾಯಿತು ಅಂತ ಅರ್ಥ. ತುಂಡಾದ ಎಳೆ ಪಕ್ಕದ ಎಳೆಗಳಿಗೆ ಸಿಕ್ಕಿಕೊಂಡರೆ ಸೀರೆ ಹಾಳು. ಅದಕ್ಕೇ ಯೋಚನೆ ಬರುವ ಮೊದಲೇ ಕೈ ಹೋಗಿ ಎಳೆ ಹಿಡಿದಿರಬೇಕು. ಹಾಗೆ ಹೋಗುವ ಕೈಯನ್ನೇ ಒಳ್ಳೆಯ ಕೈ ಅನ್ನುತ್ತಿದ್ದರು. ಶೆಡ್ಡಿನಲ್ಲಿ ನನ್ನ ಕೈಗೆ ಹೆಸರಿತ್ತು. ಕಂಡಿಕೆ ಸುತ್ತುವವಳ ಕೈ ಹಾಗಲ್ಲ, ಕೂತಲ್ಲಿ ಕೂತು ನೂಲು ಬಿಡುತ್ತಿರುತ್ತದೆ. ಮುಬೀನಾ ಯಾಕೆ ಸಲೀಸಾಗಿ ಇಳಿದಳು ಅಂತ ಆಗ ತಿಳಿಯಿತು. ಹೊಟ್ಟೆ ಉರಿಯಿತು. ಬರ್ತೀನಿ ಅಂತ ಜಂಬ ಕೊಚ್ಚಿದವಳು ನಾನು, ಸುಮ್ಮನೆ ಜೊತೆಗೆ ಬಂದವಳು ಅವಳು.

ವಾರ ವಾರವೂ ಅದೇ ಕಥೆ. ಕಾಲು ಜಾರುವುದು, ಹಗ್ಗ ಅಲುಗುವುದು, ಕೈ ಹಾರುವುದು. ಒಂದು ಭಾನುವಾರ ಲೋಕೇಶ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕ, ಈಗ ನೀನು ಕೈ ಬಿಟ್ರೆ ಕೆಳಗೆ ನಾನಿದ್ದೀನಿ. ನಾಳೆ ಗೈಡ್ ಆದ್ಮೇಲೆ ಕೆಳಗೆ ನೀನೇ ನಿಂತಿರ್ತೀಯ. ಮೇಲಿಂದ ಬರೋರ ಜೀವ ಈ ಕೈಲಿರುತ್ತೆ. ನೀನು ಬೇಜಾರ್ ಮಾಡ್ಕೊಂಡ್ರೂ ಪರ್ವಾಗಿಲ್ಲ, ಈ ಕೈ ನಂಬಿ ನಾನು ಯಾರನ್ನೂ ಇಳಿಸಲ್ಲ."

ಬೇಜಾರಾಯಿತು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಆದರೆ ಅವನು ಹೇಳಿದ್ದು ಸರಿ ಅಂತ ಅಳುವಾಗಲೂ ಗೊತ್ತಿತ್ತು. ಮುಖ ತೊಳೆದುಕೊಂಡು ಬಂದು, ಹಳೇ ಸೀರೆಯ ಅಂಚು ಹರಿದು, ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡೆ.

ಅವತ್ತು ಮನೆಗೆಲಸವೆಲ್ಲ ಎಡಗೈಯಲ್ಲಿ. ಕಸ ಗುಡಿಸಿದ್ದು, ಪಾತ್ರೆ ಬೆಳಗಿದ್ದು ಅತ್ತೆ ನೋಡಿಯೂ ಸುಮ್ಮನಿದ್ದರು. ರಾತ್ರಿ ಊಟಕ್ಕೆ ಎಡಗೈಯಲ್ಲಿ ಮುದ್ದೆ ಎತ್ತಿ ಅವರ ತಟ್ಟೆಗೆ ಇಟ್ಟೆ ನೋಡಿ, ಮನೆಯ ಸೂರು ಹಾರಿಹೋಯಿತು.

"ಎಡಗೈಲಿ ಮುದ್ದೆ ಇಕ್ತೀಯೇನೇ? ನಾನಿನ್ನೂ ಬದುಕಿದ್ದೀನಿ ಕಣೇ!"

"ಅತ್ತೆ, ಈ ಕೈ ನನ್ನ ಮಾತು ಕೇಳ್ತಿಲ್ಲ. ಕೇಳೋಗಂಟ ಬಿಚ್ಚಲ್ಲ" ಅಂದೆ. ಕಾರಣ ಹೇಳಿದೆ. ಅತ್ತೆಯೂ ತಮ್ಮ ಕಾಲದಲ್ಲಿ ಕೈಮಗ್ಗದ ಮುಂದೆ ಕೂತವರೇ. ನಾನು ಹೇಳಿದ್ದನ್ನೆಲ್ಲ ಕೇಳಿ, ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಂಡರು. ಬೆಳಿಗ್ಗೆ ನೋಡಿದರೆ ಒಂದು ರೇಷ್ಮೆ ಎಳೆ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತಿದ್ದಾರೆ.

"ಕಟ್ಟು ಬಿಚ್ಚು. ಕಟ್ಟಾಕಿದ್ರೆ ಕೈಗೆ ಬುದ್ಧಿ ಎಲ್ಲಿ ಬರುತ್ತೆ? ಬಿಚ್ಚಿ ಸೊಂಟದ ಹತ್ರ ಇಟ್ಕೋ. ನೋಡಾಣ."

ಎಳೆಯನ್ನು ನನ್ನ ಮೂಗಿನ ಮುಂದೆ ಬಿಗಿಯಾಗಿ ಹಿಡಿದು, ಊರ ಸುದ್ದಿಯೆಲ್ಲ ಮಾತಾಡಿ, ನಾನು ಮೈಮರೆತಾಗ ಒಂದು ತುದಿ ಬಿಟ್ಟುಬಿಡುತ್ತಿದ್ದರು. ನನ್ನ ಕೈ ಹಾರಿದರೆ ಕೈಮೇಲೆ ಒಂದು ಏಟು. ಎಪ್ಪತ್ತು ದಾಟಿದ ಮುದುಕಿಗೆ ಸೊಸೆಗೆ ಹೊಡೆಯಲು ಇಷ್ಟು ಒಳ್ಳೆಯ ನೆವ ಬೇರೆ ಸಿಕ್ಕಿರಲಿಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಶ್ರಾವಣ ಪೂರ್ತಿ ಹೀಗೇ ಕಳೆಯಿತು. ಏಟು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಬಂಡೆಯ ಮೇಲೂ ಅಷ್ಟೇ. ಕೈ ಬಹಳ ಸಲ ಕೇಳುತ್ತಿತ್ತು, ಎಲ್ಲ ಸಲ ಕೇಳುತ್ತಿರಲಿಲ್ಲ.

ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ಘಟ್ಟಕ್ಕೆ ಹೊರಟೆವು. ಬೆಂಗಳೂರಿನ ಹುಡುಗ ಹುಡುಗಿಯರ ಒಂದು ಸಣ್ಣ ಗುಂಪು, ಲೋಕೇಶ, ನಾವಿಬ್ಬರು. ಅಲ್ಲಿ ಕಾಡಿನ ದಾರಿ ಬಲ್ಲ ದೇವು ಅನ್ನುವವರು ಸೇರಿಕೊಂಡರು. ಜಲಪಾತದ ನೆತ್ತಿಯಲ್ಲಿ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ಇಳಿಸಿಕೊಡುವುದು ಅವರ ಕೆಲಸ, ಕೆಳಗೆ ತುದಿ ಹಿಡಿಯುವುದು ಲೋಕೇಶನದು.

ನಾನು ಕಾಡು ನೋಡಿರಲಿಲ್ಲ. ನಮ್ಮ ಕಡೆ ನೀಲಗಿರಿ ತೋಪು, ಹುಣಸೇಮರ, ಜಾಲಿ. ಇಲ್ಲಿ ಬೆಳಗಿನ ಹೊತ್ತಿನಲ್ಲೂ ಅರೆಗತ್ತಲು. ಮರದ ಮೇಲೆ ಮರ, ಅದರ ಮೈತುಂಬ ಪಾಚಿ, ಪಾಚಿಯ ಮೇಲೆ ಮತ್ತೇನೋ ಗಿಡ. ಬಿಸಿಲು ಬಿದ್ದರೂ ನೆಲಕ್ಕೆ ತಲುಪುವುದಿಲ್ಲ. ಮಳೆ ನಿಂತು ಎಷ್ಟೋ ಹೊತ್ತಾಗಿದ್ದರೂ ಎಲೆಗಳಿಂದ ತೊಟ್ಟಿಕ್ಕುತ್ತಲೇ ಇತ್ತು. ಜಿಗಣೆಗಳಂತೂ ಕಾದು ಕೂತ ನೆಂಟರ ಹಾಗೆ ಕಾಲಿಗೆ ಹತ್ತಿಕೊಂಡವು. ಒಬ್ಬಳು ಹುಡುಗಿ "ಆಂಟಿ, ತೆಗೀರಿ ಆಂಟಿ!" ಅಂತ ಕಿರುಚಿದಳು. ಉಪ್ಪು ಹಚ್ಚಿ ತೆಗೆದೆ. "ಆಂಟಿ ಅನ್ಬೇಡಮ್ಮ, ಭಾಗ್ಯ ಅನ್ನು" ಅಂದೆ.

ಹಳ್ಳಕ್ಕೆ ಇಳಿದ ಕೂಡಲೇ ಚಳಿ ಮೂಳೆಗೆ ಹತ್ತಿತು. ಸೊಂಟದ ಮಟ್ಟದ ನೀರಿನಲ್ಲಿ ಬಂಡೆ ಹಿಡಿದು ನಡೆದೆವು. ಲೈಫ್ ಜಾಕೆಟ್ಟಿನ ಭರವಸೆಯ ಮೇಲೆ ಒಂದು ಮಡುವನ್ನು ತೇಲಿಕೊಂಡೇ ದಾಟಿದೆವು. ಮೊದಲ ಎರಡು ಜಲಪಾತಗಳು ಚಿಕ್ಕವು. ಎರಡರಲ್ಲೂ ನನ್ನ ಕೈ ಸೊಂಟ ಬಿಡಲಿಲ್ಲ. ಮುಬೀನಾ ಬೆನ್ನು ತಟ್ಟಿದಳು. ನಾನು ಬೀಗಲಿಲ್ಲ, ಯಾಕೆಂದರೆ ಎರಡರಲ್ಲೂ ಕಾಲು ಜಾರಿರಲಿಲ್ಲ.

ಮೂರನೆಯದು ಬಂತು. ಅಂಚಿಗೆ ಹೋಗಿ ಬಗ್ಗಿ ನೋಡಿದರೆ ಮೊದಲೇ ಇಳಿದು ನಿಂತ ಲೋಕೇಶನ ಹೆಲ್ಮೆಟ್ಟು ಹುಣಸೇಬೀಜದಷ್ಟು. ನೀರಿನ ಸದ್ದಿಗೆ ಪಕ್ಕದಲ್ಲಿದ್ದ ದೇವು ಕಿವಿಯ ಹತ್ತಿರ ಕೂಗಿದ್ದೂ ಕೇಳಿಸಲಿಲ್ಲ. ಆ ಸದ್ದು ಒಂದೇ ನನಗೆ ಪರಿಚಯದ್ದು. ಎಲ್ಲ ಮಗ್ಗಗಳೂ ಒಟ್ಟಿಗೆ ಓಡುವ ನಮ್ಮ ಶೆಡ್ಡು. ಬ್ಯಾಚಿನವರೆಲ್ಲ ಇಳಿದರು, ಮುಬೀನಾ ಇಳಿದಳು, ಕೊನೆಗೆ ನಾನು.

ನಡುವೆ ಒಂದು ಕಡೆ ಬಂಡೆ ಮುಂದಕ್ಕೆ ಚಾಚಿತ್ತು. ಅಲ್ಲಿ ನೀರು ಎದೆಗೇ ಬಡಿಯುತ್ತದೆ. ಕಾಲಿಟ್ಟೆ, ಪಾಚಿ, ಜಾರಿತು. ಪಕ್ಕಕ್ಕೆ ಹೊರಳಿ ಬಂಡೆಗೆ ಹೆಗಲು ಕೊಟ್ಟು ಬಿದ್ದೆ. ಹಗ್ಗ ಕಣ್ಣ ಮುಂದೆ ಸಡಿಲವಾಗಿ ಬಳುಕಿತು. ಬಲಗೈಯ ಬೆರಳು ಬಿಚ್ಚಿಕೊಂಡವು. ಅಷ್ಟರಲ್ಲಿ ಕೆಳಗೆ ಕಣ್ಣು ಹೋಯಿತು. ನೀರಿನ ಸಿಡಿತದ ಆಚೆ ಮುಬೀನಾ ಮುಖ ಮೇಲೆತ್ತಿ ನಿಂತಿದ್ದಳು. ಅವಳ ತುಟಿ ಆಡುತ್ತಿತ್ತು. ಶೆಡ್ಡಿನ ಮಾತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ: "ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚು ಹೋಗೇ!"

ಮೈಯೆಲ್ಲ ಉರಿದುಹೋಯಿತು. ಬೆರಳು ಗಬಕ್ಕನೆ ಮುಚ್ಚಿಕೊಂಡವು. ಅವಳನ್ನು ಬೈದುಕೊಳ್ಳುತ್ತಲೇ ಕೆಳಗೆ ಬಂದು ನೀರಿಗೆ ಬಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಲೋಕೇಶ ಹತ್ತಿರ ಬಂದು ಕಿವಿಗೆ ಬಾಯಿಟ್ಟು, "ಪಾಸ್ ಅಕ್ಕ! ಜಾರಿದ್ರೂ ಬಿಡ್ಲಿಲ್ಲ ನೋಡು!" ಅಂತ ಕೂಗಿದ. ನೀರಿನ ಮರೆಯಲ್ಲಿ ಬೆರಳು ಬಿಚ್ಚಿದ್ದು ಅವನಿಗೆ ಕಂಡಿರಲಿಲ್ಲ. ಮುಬೀನಾಳಿಗೆ ಕಂಡಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಕೆಲಸ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಹುಡುಗಿಯರನ್ನು ಇಳಿಸಲು ನಾನು ಹಗ್ಗದ ತುದಿ ಹಿಡಿದು ನಿಂತಾಗ ಮುಬೀನಾ ಪಕ್ಕದಲ್ಲಿ ನಿಂತು ಬೈಯುತ್ತಾಳಾ? ಹಿಡಿದದ್ದು ನನ್ನ ಕೈಯಲ್ಲ, ಅವಳ ತುಟಿ. ಈ ಕೈಯನ್ನು ನಾನೇ ನಂಬದಿದ್ದರೆ ಇನ್ನು ಯಾರು ನಂಬಬೇಕು?

"ಲೋಕೇಶ, ಬೆರಳು ಬಿಚ್ಚಿತ್ತು ಕಣೋ. ಇನ್ನೊಂದ್ ಸಲ ಇಳೀತೀನಿ" ಅಂತ ನಾನೂ ಅವನ ಕಿವಿಯಲ್ಲಿ ಕೂಗಿದೆ.

"ಹುಚ್ಚಾ ಅಕ್ಕ? ಹಗ್ಗ ಬಿಚ್ಚಿಸ್ಬೇಕು, ಮೋಡ ಕಟ್ತಿದೆ."

"ದೇವು ಇನ್ನೂ ಮೇಲೇ ಇದ್ದಾರೆ. ಹಗ್ಗ ಇನ್ನೂ ಇದೆ. ನಾನೂ ಇದ್ದೀನಿ."

ಅವನು ಮೋಡ ನೋಡಿದ, ನನ್ನನ್ನು ನೋಡಿದ. "ಒಂದೇ ಸಲ. ಬೇಗ" ಅಂದ. ನಾನು ಮುಬೀನಾಳ ಹೆಗಲು ಹಿಡಿದು ಕಾಡಿನ ಕಡೆಗೆ ತಿರುಗಿಸಿ ನಿಲ್ಲಿಸಿದೆ. "ತಿರುಗಿ ನೋಡಿದ್ರೆ ನನ್ನಾಣೆ." "ಬೇಡ ಕಣೇ ಭಾಗ್ಯ" ಅಂದಳು. ಅವಳು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ. ನಾನು ಕೇಳಲಿಲ್ಲ.

ಪಕ್ಕದ ಕಾಡಿನೊಳಗೆ ಬೇರು ಹಿಡಿದು ಹತ್ತಬೇಕಿತ್ತು. ಮಂಡಿ ತರಚಿತು, ಉಸಿರು ಕಟ್ಟಿತು, ಜಿಗಣೆ ಕೀಳಲು ನಿಲ್ಲಲಿಲ್ಲ. ನೆತ್ತಿ ತಲುಪಿದಾಗ ದೇವು ಏನೂ ಕೇಳದೆ ಹಗ್ಗವನ್ನು ಬಳೆಗೆ ಹಾಕಿ, ಎರಡು ಸಲ ಎಳೆದು ನೋಡಿ, ತಲೆಯಾಡಿಸಿದರು. ಅಂಚಿನಿಂದ ಹಿಂದಕ್ಕೆ ವಾಲಿದೆ. ಈ ಸಲ ನೀರು ಇನ್ನಷ್ಟು ಜೋರಾಗಿತ್ತು, ಅಥವಾ ನನಗೆ ಹಾಗೆನಿಸಿತು.

ಅದೇ ಚಾಚಿದ ಬಂಡೆ ಬಂತು. ಪಕ್ಕದಲ್ಲಿ ಒಳ್ಳೆಯ ಜಾಗ ಇತ್ತು, ಅಲ್ಲಿ ಕಾಲಿಡಬಹುದಿತ್ತು. ಇಡಲಿಲ್ಲ. ಬೇಕೆಂದೇ ಆ ಪಾಚಿಯ ಮೇಲೇ ಕಾಲಿಟ್ಟೆ. ಜಾರಿತು. ಅದೇ ಹೆಗಲು ಅದೇ ಬಂಡೆಗೆ ಬಡಿಯಿತು, ಕಣ್ಣಿಗೆ ನೀರು ನುಗ್ಗಿತು. ಕಣ್ಣು ಬಿಟ್ಟರೆ ಹಗ್ಗ ಸಡಿಲವಾಗಿ ಮೂಗಿನ ಮುಂದೆ ಬಳುಕುತ್ತಿದೆ. ಕೈ ಜುಮ್ಮೆಂದಿತು. ಇಷ್ಟು ವರ್ಷ ನನ್ನ ಹೊಟ್ಟೆ ಹೊರೆದ ಕೈ ಅದು, ಅದಕ್ಕೆ ತಾನು ಮಾಡಬೇಕಾದದ್ದು ಗೊತ್ತಿತ್ತು. ನಾನು ಅದಕ್ಕೆ ಹೇಳಿದೆ, ಬಾಯಿಬಿಟ್ಟೇ ಹೇಳಿದೆ, ಬಾಯೊಳಗೆ ನೀರು ಹೋದರೂ ಹೇಳಿದೆ: "ಎಳೆ ಹೋದ್ರೆ ಹೋಗ್ಲಿ ಬಿಡು. ಆ ಸೀರೆ ಮುಗೀತು."

ಕೈ ಸೊಂಟದ ಬಳಿಯೇ ನಿಂತಿತು. ಹಗ್ಗ ಬಳುಕಿ ಬಳುಕಿ ತಾನೇ ಬಿಗಿಯಾಯಿತು. ನೀರಿನ ಕೆಳಗೆ ಅಷ್ಟು ಹೊತ್ತು ನೇತಾಡಿಕೊಂಡು ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. ಆಮೇಲೆ ಕಾಲು ಹುಡುಕಿಕೊಂಡು, ಬಂಡೆಗೆ ಒದ್ದು ನೆಟ್ಟಗೆ ನಿಂತು, ಅವಸರವಿಲ್ಲದೆ ಇಳಿದೆ.

ಕೆಳಗೆ ಲೋಕೇಶ ಏನೋ ಕೂಗುತ್ತಿದ್ದ. ಹುಡುಗಿಯರು ಕುಣಿಯುತ್ತಿದ್ದರು. ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಮುಬೀನಾ ನಾನು ನಿಲ್ಲಿಸಿದ ಜಾಗದಲ್ಲೇ ಕಾಡಿಗೆ ಮುಖ ಮಾಡಿ ನಿಂತಿದ್ದಳು. ಎರಡು ಅಂಗೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು. ಆ ಸದ್ದಿನಲ್ಲಿ ನಾನು ಇಳಿದೆನೋ ಬಿದ್ದೆನೋ ಅವಳಿಗೆ ತಿಳಿದಿರಲಿಲ್ಲ. ನೀರು ತುಳಿದುಕೊಂಡು ಹೋಗಿ ಎಡಗೈಯಿಂದ ಅವಳ ಭುಜ ಹಿಡಿದು ತಿರುಗಿಸಿದೆ.

ಕಣ್ಣು ಕೆಂಡವಾಗಿದ್ದವು. ಅವಳು ನನ್ನ ಮುಖ ನೋಡಲಿಲ್ಲ. ನೇರವಾಗಿ ನನ್ನ ಬಲಗೈ ನೋಡಿದಳು. ನಾನೂ ನೋಡಿದೆ. ಹಗ್ಗ ಇನ್ನೂ ಸೊಂಟದ ಬಳಿ ಮುಷ್ಟಿಯಲ್ಲೇ ಇತ್ತು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಜಲಪಾತದಿಂದ ಅಲ್ಲಿಯತನಕ ಅದನ್ನು ಎಳೆದುಕೊಂಡೇ ಬಂದಿದ್ದೆ. ಮುಬೀನಾ ತನ್ನ ಎರಡೂ ಕೈಗಳಲ್ಲಿ ಆ ಮುಷ್ಟಿಯನ್ನು ಹಿಡಿದುಕೊಂಡು, ದನಿಯಿಲ್ಲದೆ ತುಟಿ ಆಡಿಸಿದಳು.

"ಇನ್ನ ಬಿಡೇ ಭಾಗ್ಯ. ನೆಲ ಬಂತು."